ಹೆಣ್ಣು ಅನ್ಸುತ್ತೆ

ಅರವತ್ತೆರಡು ವರ್ಷದ ಬಾಳಿನಲ್ಲಿ ನಾನು ಆಡಿರುವ ಅವಿವೇಕದ ಮಾತುಗಳು ಒಂದೆರಡಲ್ಲ. ಮದುವೆಯಾದ ಹೊಸದರಲ್ಲಿ ನಮ್ಮತ್ತೆಯ ಹೊಸ ಟೋಪಿಯನ್ನು ಟೀ ಕೆಟ್ಲಿಗೆ ಹೊದಿಸುವ ಉಣ್ಣೆಯ ಮುಸುಕೆಂದು ತಿಳಿದು, “ಇದಿದ್ರೆ ಟೀ ಆರೋದೇ ಇಲ್ಲ ಬಿಡಿ” ಎಂದು ಹೊಗಳಿದವನು ನಾನು. ಅದನ್ನೂ ಜೀರ್ಣಿಸಿಕೊಂಡು ಬದುಕಿದೆ. ಆದರೆ ಹೋದ ವಸಂತದಲ್ಲಿ ನನ್ನ ಬಾಯಿಂದ ಜಾರಿದ ಒಂದೇ ಒಂದು ಪದ ನನ್ನನ್ನು ಆರು ವಾರ ಗೋಳು ಹೊಯ್ದುಕೊಂಡಿತು. ಆ ಪದ ‘ಹೆಣ್ಣು’.

ನನ್ನ ಹೆಸರು ಡೆನಿಸ್ ಸ್ಟಿಕ್ಲೆಂಡ್. ಡಾರ್ಸೆಟ್ ಸೀಮೆಯ ಲೋವರ್ ವಾಪ್ಲಿ ನನ್ನೂರು. ಪಕ್ಕದ ಪೇಟೆಯಲ್ಲಿ ಮೂವತ್ತನಾಲ್ಕು ವರ್ಷ ಬೂಟಿನ ಅಂಗಡಿ ನಡೆಸಿ ಈಗ ಮನೆಯಲ್ಲಿ ಕುಳಿತಿದ್ದೇನೆ. ಅಂದರೆ ನನ್ನ ಅನುಭವವೆಲ್ಲ ಕಾಲಿರುವ ಜೀವಿಗಳದ್ದು. ಹಾವುಗಳೊಂದಿಗೆ ನನಗೆ ಯಾವ ವ್ಯವಹಾರವೂ ಇರಲಿಲ್ಲ. ಅವು ನನ್ನ ಗಿರಾಕಿಗಳೇ ಅಲ್ಲ. ಹೀಗೆ ನೆಮ್ಮದಿಯಾಗಿದ್ದವನಿಗೆ ಅವುಗಳ ಸಹವಾಸ ಹಚ್ಚಿದವರು ನನ್ನ ಬೀಗರು.

ನನ್ನ ಒಬ್ಬಳೇ ಮಗಳು ಬ್ರಯೊನಿ, ರೂಪರ್ಟ್ ಎಂಬ ಹುಡುಗನನ್ನು ಒಪ್ಪಿದ್ದಳು. ಹುಡುಗ ಚಿನ್ನದಂಥವನು. ಅವನ ತಂದೆ ಆಂಬ್ರೋಸ್ ಫೆದರ್‌ಸ್ಟನ್ ನಿವೃತ್ತ ಹೆಡ್‌ಮಾಸ್ತರು. ಆರಡಿ ಎರಡಂಗುಲ ಎತ್ತರ. ಎದುರಿಗೆ ಯಾರೇ ಬರಲಿ, ಅವರು ಹೋಂವರ್ಕ್ ಬರೆದಿಲ್ಲವೆಂಬ ಅನುಮಾನದಲ್ಲೇ ನೋಡುವವರು. ಚಳಿ ಕಳೆದು ಬಿಸಿಲು ಇಣುಕಿತೆಂದರೆ ನಮ್ಮ ಕಡೆಯ ಗಂಡಸರೆಲ್ಲ ಆಲೂಗಡ್ಡೆ ನೆಡಲು ಹೊರಡುತ್ತಾರೆ. ಇವರು ಮಾತ್ರ ಕಾರಿಗೆ ತಗಡಿನ ಹಾಳೆ ತುಂಬಿಕೊಂಡು ಹೊರಡುತ್ತಾರೆ. ಬಿಸಿಲು ಬೀಳುವ ದಿಬ್ಬಗಳಲ್ಲಿ ಆ ತಗಡುಗಳನ್ನು ಹಾಸಿ ಬರುವುದು, ವಾರ ಬಿಟ್ಟು ಹೋಗಿ ಒಂದೊಂದನ್ನೇ ಮೆಲ್ಲಗೆ ಎತ್ತಿ ಕೆಳಗೆ ಯಾರು ಬೆಚ್ಚಗೆ ಮಲಗಿದ್ದಾರೆಂದು ನೋಡುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು. ಹಲ್ಲಿ, ನೆಲಗಪ್ಪೆ, ಹಾವು, ಯಾರಾದರೂ ಸರಿಯೇ. ನಿಶ್ಚಿತಾರ್ಥದ ಊಟದ ದಿನ ಕುರಿಮಾಂಸ ಕೊಯ್ಯುತ್ತಾ ಅವರು ನನ್ನತ್ತ ತಿರುಗಿದರು.

“ಡೆನಿಸ್, ನಿಮಗೆ ಹಾವು, ಕಪ್ಪೆ ಇವುಗಳಲ್ಲಿ ಆಸಕ್ತಿ ಉಂಟೋ?”

ನಾನು ಇಲ್ಲವೆನ್ನಲು ಬಾಯಿ ತೆರೆದೆ. ಮೇಜಿನ ಕೆಳಗೆ ನನ್ನ ಹೆಂಡತಿ ಐಲೀನ್ ಮೊಣಕಾಲಿಗೆ ಒದ್ದಳು. ಬೂಟಿನ ತುದಿ ಗಟ್ಟಿಯಿತ್ತು. ನನ್ನ ಅಂಗಡಿಯದೇ ಬೂಟು.

“ಬಹಳ,” ಎಂದೆ.

“ನೋಡಿ, ನನಗೆ ಗೊತ್ತಿತ್ತು!” ಎಂದು ಬೀಗರು ಮೊದಲ ಸಲ ನನ್ನನ್ನು ಹೋಂವರ್ಕ್ ಬರೆದ ಹುಡುಗನಂತೆ ನೋಡಿದರು. “ಮಾರ್ಚ್ ಕೊನೇ ಭಾನುವಾರ ನಿಮ್ಮ ಊರಲ್ಲೇ ಒಂದು ನಡಿಗೆ ಇಟ್ಕೊಂಡಿದ್ದೀನಿ. ಚರ್ಚ್ ಹಿಂದಿನ ದಿಬ್ಬ. ಬನ್ನಿ.”

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾವು ಹದಿಮೂರು ಜನ ದಿಬ್ಬದ ಕೆಳಗೆ ಸೇರಿದೆವು. ಪಂಚಾಯಿತಿ ಅಧ್ಯಕ್ಷೆ ಮಿಸೆಸ್ ಟ್ರಿಕೆಟ್ ಬಂದಿದ್ದರು. ಊರಿನಲ್ಲಿ ಏನೇ ನಡೆದರೂ ಅದಕ್ಕೊಂದು ನೋಟೀಸು ಬರೆದು ಹಲಗೆಗೆ ಚುಚ್ಚದಿದ್ದರೆ ಅವರಿಗೆ ನಿದ್ದೆ ಬರದು. ಬೀಗರು ನಿಯಮಗಳನ್ನು ಓದಿದರು: ಮಾತಾಡಬಾರದು, ಕಾಲು ಅಪ್ಪಳಿಸಬಾರದು, ದಿಬ್ಬದ ಮೇಲೆ ನೆರಳು ಬೀಳಿಸಬಾರದು. ಐದೂಕಾಲಡಿಯ ನಾನು ಅವರ ಹಿಂದೆ ನಿಂತಿದ್ದೆ. ನಾನು ಕಾಣುತ್ತಿದ್ದುದು ಅವರ ಕೋಟಿನ ಬೆನ್ನನ್ನು ಮಾತ್ರ.

ಅರ್ಧ ಗಂಟೆ ಹೀಗೇ ತೆವಳಿದ ಮೇಲೆ ಬೀಗರು ಥಟ್ಟನೆ ನಿಂತು ಕೈ ಎತ್ತಿದರು.

“ಅಗೋ! ಆ ಹಳದಿ ಹೂವಿನ ಮುಳ್ಳುಪೊದೆ ಬುಡದಲ್ಲಿ. ಒಣಹುಲ್ಲಿನ ಮೇಲೆ. ಆಡರ್!”

ಆಡರ್ ಎಂದರೆ ನಮ್ಮ ದೇಶದ ಏಕಮಾತ್ರ ವಿಷದ ಹಾವು. ಬೆನ್ನ ಮೇಲೆ ಉದ್ದಕ್ಕೂ ಅಂಕುಡೊಂಕು ಪಟ್ಟೆ. ಎಲ್ಲರೂ ಕತ್ತು ಚಾಚಿದರು. ನಾನೂ ತುದಿಗಾಲಲ್ಲಿ ನಿಂತು ಚಾಚಿದೆ. ಮುಳ್ಳುಪೊದೆ ಕಂಡಿತು. ಒಣಹುಲ್ಲು ಕಂಡಿತು. ಯಾರೋ ಬಿಸಾಡಿದ ಚಾಕೊಲೇಟಿನ ಕಾಗದವೂ ಕಂಡಿತು. ಹಾವು ಮಾತ್ರ ಕಾಣಲಿಲ್ಲ.

“ಆಹಾ, ಎಷ್ಟು ಚೆನ್ನಾಗಿದೆ!” ಎಂದು ಮಿಸೆಸ್ ಟ್ರಿಕೆಟ್ ಉಸುರಿದರು.

“ತುಂಬ ಚೆನ್ನಾಗಿದೆ,” ಎಂದರು ಅವರ ಪಕ್ಕದವರು.

ಓದುಗರು ಇಲ್ಲೊಂದು ವಿಷಯ ತಿಳಿಯಬೇಕು. ನಮ್ಮೂರಿನಲ್ಲಿ ‘ಚೆನ್ನಾಗಿದೆ’ ಎಂಬ ಮಾತಿಗೂ ನಿಜಕ್ಕೂ ಯಾವ ನಂಟೂ ಇಲ್ಲ. ಬೆಂದು ಕರಕಲಾದ ಕೇಕು ಚೆನ್ನಾಗಿರುತ್ತದೆ, ಪಕ್ಕದ ಮನೆಯವರ ಪಿಟೀಲು ಚೆನ್ನಾಗಿರುತ್ತದೆ, ಜಡಿಮಳೆಯಲ್ಲಿ ನಡೆದ ಕ್ರಿಕೆಟ್ಟೂ ಚೆನ್ನಾಗಿರುತ್ತದೆ. ಒಬ್ಬರು ಅಂದ ಮೇಲೆ ಮಿಕ್ಕವರು ಅನ್ನಲೇಬೇಕು. ಚರ್ಚಿನಲ್ಲಿ ಕಾಣಿಕೆ ತಟ್ಟೆ ಸಾಲಿನಲ್ಲಿ ದಾಟಿ ಬರುವ ಹಾಗೆ ಆ ‘ಚೆನ್ನಾಗಿದೆ’ ಒಬ್ಬರಿಂದೊಬ್ಬರಿಗೆ ದಾಟುತ್ತಾ ಹನ್ನೊಂದು ಬಾಯಿ ಸುತ್ತಿ ನನ್ನ ಹತ್ತಿರ ಬಂತು. ಬೀಗರು ತಿರುಗಿ ನೋಡುತ್ತಿದ್ದರು. ಹುಡುಗಿಯ ತಂದೆಯಾದವನು ಹನ್ನೆರಡನೆಯ ‘ಚೆನ್ನಾಗಿದೆ’ ಎಂದರೆ ಏನು ಮರ್ಯಾದೆ? ಏನಾದರೂ ತಿಳಿದವನ ಹಾಗೆ ಅನ್ನಬೇಕೆಂದು ಕಣ್ಣು ಕಿರಿದು ಮಾಡಿ, ಗದ್ದ ಸವರಿ,

“ಹೆಣ್ಣು ಅನ್ಸುತ್ತೆ,” ಎಂದೆ.

ಬೀಗರು ನಿಧಾನವಾಗಿ ನನ್ನ ಕಡೆ ಬಂದು ನನ್ನ ಕೈ ಹಿಡಿದರು.

“ಮಾರ್ಚ್‌ನಲ್ಲೇ ಹೆಣ್ಣು! ಸಾಮಾನ್ಯವಾಗಿ ಗಂಡುಗಳು ಮೊದಲು ಹೊರಗೆ ಬರ್ತವೆ. ಇಷ್ಟು ದೂರದಿಂದ ಹೇಗೆ ಗುರುತು ಹಿಡಿದ್ರಿ?”

“ನಡೆನುಡಿ ನೋಡಿದ್ರೆ ಗೊತ್ತಾಗುತ್ತೆ,” ಎಂದೆ. ಅಂಗಡಿಯಲ್ಲಿ ಗಿರಾಕಿಗಳ ಬಗ್ಗೆ ಹೇಳಿ ಹೇಳಿ ರೂಢಿಯಾಗಿದ್ದ ಮಾತು.

ಬೀಗರು ಪುಸ್ತಕ ತೆಗೆದು ಬರೆದರು: ‘ಆಡರ್, ಒಂದು, ಹೆಣ್ಣು. ಲಿಂಗ ಖಚಿತಪಡಿಸಿದವರು ಡಿ. ಸ್ಟಿಕ್ಲೆಂಡ್. ಸಾಕ್ಷಿಗಳು ಹನ್ನೊಂದು.’ ಎಲ್ಲರಿಂದಲೂ ಸಹಿ ಹಾಕಿಸಿಕೊಂಡರು. ಹಾವಿಗೆ ತೊಂದರೆ ಕೊಡಬಾರದೆಂದು ಹತ್ತಿರ ಹೋಗಿ ನೋಡಲು ಯಾರನ್ನೂ ಬಿಡಲಿಲ್ಲ.

ಮಾರನೆಯ ದಿನದಿಂದ ನಾನು ಊರಿನ ಹಾವಿನ ಪಂಡಿತನಾದೆ. ಬೆಳಿಗ್ಗೆ ಏಳಕ್ಕೇ ಬಾಗಿಲು ಬಡಿತ. ಒಬ್ಬರು ಬಿಸ್ಕತ್ತಿನ ಡಬ್ಬದಲ್ಲಿ ಕಂದು ಬಣ್ಣದ ನುಣುಪಾದ ಏನನ್ನೋ ತಂದು ಹಾವೆಂದರು. ಬೀಗರಿಗೆ ಫೋನು ಮಾಡಿ ಕೇಳಿದರೆ ಅದು ಹಾವೇ ಅಲ್ಲವಂತೆ, ಕಾಲಿಲ್ಲದ ಹಲ್ಲಿಯಂತೆ. ಹಲ್ಲಿಯೆಂದ ಮೇಲೆ ಕಾಲಿರುವುದು ಬೇಡವೇ? ಬೂಟಿನವನಿಗೆ ಇದಕ್ಕಿಂತ ಅವಮಾನವಿಲ್ಲ. ಇನ್ನೊಬ್ಬರ ಗಂಬೂಟಿನಲ್ಲಿ ನೆಲಗಪ್ಪೆ ಸಂಸಾರ ಹೂಡಿತ್ತು. ಮತ್ತೊಬ್ಬರ ಕೊಳದಲ್ಲಿ ಕಪ್ಪೆಮೊಟ್ಟೆ ಕಳೆದ ವರ್ಷಕ್ಕಿಂತ ಕಡಿಮೆಯೆಂದು ದೂರು, ಅದಕ್ಕೆ ನಾನೇ ಕಾರಣನೆಂಬಂತೆ.

“ಬೆಳಗಿನ ತಿಂಡಿ ತಿನ್ನೋಕಾದ್ರೂ ಬಿಡ್ತಾರಾ ಇವರು?” ಎಂದು ಐಲೀನ್ ಸಿಡುಕಿದಳು. “ಯಾಕೆ ಬೇಕಿತ್ತು ನಿನಗೆ?”

“ಕಾಲಲ್ಲಿ ಒದ್ದವಳು ನೀನು.”

“ಆಸಕ್ತಿ ಇದೆ ಅನ್ನು ಅಂತ ಒದ್ದೆ. ಹೆಣ್ಣು ಅನ್ನು ಅಂತ ಒದ್ನಾ?”

ಏಪ್ರಿಲ್ ನಡುವಿನಲ್ಲಿ ಮಿಸ್ ಕೂಂಬ್ ಕರೆಸಿದರು. ಎಪ್ಪತ್ತು ದಾಟಿದ ಅವಿವಾಹಿತೆ. ಮಾರ್ಮಲೇಡ್ ಎಂಬ ಗಿಡ್ಡಗಾಲಿನ ನಾಯಿಯನ್ನು ಸಾಕಿದ್ದಾರೆ. ಆ ದಿನ ನಾಯಿಯನ್ನು ಡ್ರೆಸಿಂಗ್ ಗೌನಿನ ಲಾಡಿಯಿಂದ ಕಟ್ಟಿ ಹಿಡಿದುಕೊಂಡಿದ್ದರು.

“ಕ್ಷಮಿಸಿ ಮಿಸ್ಟರ್ ಸ್ಟಿಕ್ಲೆಂಡ್, ಇವನ ಹಗ್ಗ ಎಲ್ಲೋ ಕಳೆದುಹೋಗಿದೆ, ಸಿಗ್ತಾನೇ ಇಲ್ಲ. ಅದಿರ್ಲಿ, ಗೊಬ್ಬರದ ಗುಂಡಿ ನೋಡಿ. ಅಯ್ಯೋ, ಪಾಪ!”

ಗೊಬ್ಬರದ ರಾಶಿಯ ಮೇಲೆ ಕುತ್ತಿಗೆಗೆ ಹಳದಿ ಪಟ್ಟಿಯಿದ್ದ ಮಾರುದ್ದದ ಹುಲ್ಲುಹಾವೊಂದು ಅಂಗಾತ ಬಿದ್ದಿತ್ತು. ಬಾಯಿ ತೆರೆದಿದೆ, ನಾಲಿಗೆ ಹೊರಗೆ ಜೋತುಬಿದ್ದಿದೆ. ನಾನು ಕಡ್ಡಿಯಿಂದ ಮುಟ್ಟಿ ನೋಡಿದೆ. ಅಲುಗಲಿಲ್ಲ.

“ಹೋಗ್ಬಿಟ್ಟಿದೆ, ಮಿಸ್ ಕೂಂಬ್,” ಎಂದೆ. “ಬೆಳಗಿನ ಜಾವ ಪ್ರಾಣ ಬಿಟ್ಟಿರಬೇಕು. ನೋವು ಪಟ್ಟಿಲ್ಲ.”

ಮಿಸ್ ಕೂಂಬ್ ಕರವಸ್ತ್ರ ತೆಗೆದರು. “ನೀವು ತಿಳಿದವರು. ಒಂದೆರಡು ಒಳ್ಳೆ ಮಾತು ಹೇಳಿ ಮಣ್ಣು ಮಾಡಿ. ನಾಯಿಗೂ ಸಮಾಧಾನ ಆಗುತ್ತೆ.”

ನಾನು ಟೋಪಿ ತೆಗೆದೆ. ಹಾವನ್ನು ಎರಡು ಕೈಯಲ್ಲಿ ಎತ್ತಿ ಎದೆಗಾನಿಸಿಕೊಂಡು, “ಈ ಜೀವಿ ಯಾರಿಗೂ ಕೇಡು ಮಾಡಿದ್ದಲ್ಲ...” ಎಂದು ಶುರು ಮಾಡಿದೆ. ಆ ಜೀವಿ ಥಟ್ಟನೆ ಮೈ ತಿರುವಿ, ನನ್ನ ಅಂಗಿಯ ಮೇಲೆ ಒಂದು ಹಿಡಿಯಷ್ಟು ಏನನ್ನೋ ಬಿಟ್ಟು, ಬೇಲಿ ದಾಟಿ ಹೋಯಿತು. ಆ ವಾಸನೆಯನ್ನು ಬಣ್ಣಿಸುವ ಶಕ್ತಿ ನನಗಿಲ್ಲ. ಕೊಳೆತ ಮೀನನ್ನು ಬೆಳ್ಳುಳ್ಳಿಯ ಜೊತೆ ಬೂಟಿನಲ್ಲಿ ಹಾಕಿ ವಾರವಿಟ್ಟರೆ ಹತ್ತಿರಕ್ಕೆ ಬರಬಹುದು. ಸತ್ತಂತೆ ನಟಿಸುವುದು ಆ ಜಾತಿಯ ಹುಟ್ಟುಗುಣವೆಂದು ಆಮೇಲೆ ಬೀಗರು ತಿಳಿಸಿದರು.

“ಬದುಕಿಸಿಬಿಟ್ರಿ!” ಎಂದು ಮಿಸ್ ಕೂಂಬ್ ಎದೆಗೆ ಕೈಯಿಟ್ಟು ಕೂಗಿದರು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ಸ್ಟಿಕ್ಲೆಂಡ್ ಸತ್ತ ಹಾವಿಗೆ ಜೀವ ತುಂಬುತ್ತಾನೆ. ಐಲೀನ್ ನನ್ನನ್ನು ಮನೆಯೊಳಗೆ ಬಿಡದೆ ಹಿತ್ತಲಲ್ಲೇ ಬಟ್ಟೆ ಬಿಚ್ಚಿಸಿ ತೋಟಕ್ಕೆ ನೀರು ಹಾಕುವ ಪೈಪಿನಿಂದ ತೊಳೆದಳು. ಏಪ್ರಿಲ್ ತಿಂಗಳ ನೀರು ಎಷ್ಟು ತಣ್ಣಗಿರುತ್ತದೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಗುತ್ತಿದ್ದೆ. ಆ ಶುಕ್ರವಾರ ಮಿಸೆಸ್ ಟ್ರಿಕೆಟ್ ಮನೆಗೆ ಬಂದು, ಟೀ ಕುಡಿದು, ಕೇಕು ಚೆನ್ನಾಗಿದೆಯೆಂದು ಹೇಳಿ, ಕೈಚೀಲದಿಂದ ಒಂದು ನೋಟೀಸು ತೆಗೆದು ಮೇಜಿನ ಮೇಲೆ ಹರಡಿದರು. ‘ಎಚ್ಚರಿಕೆ. ಹೆಣ್ಣು ಆಡರ್. ದಿಬ್ಬವನ್ನೂ ಅದರ ಕೆಳಗಿನ ಬಯಲನ್ನೂ ಅಕ್ಟೋಬರ್‌ವರೆಗೆ ಮುಚ್ಚಲಾಗಿದೆ.’

ಆ ಬಯಲಿನಲ್ಲಿ ಮೇ ತಿಂಗಳ ಎರಡನೇ ಶನಿವಾರ ನನ್ನ ಮಗಳ ಮದುವೆಯ ಊಟ. ಬ್ರಯೊನಿ ಆರು ವರ್ಷದವಳಿದ್ದಾಗಲೇ ಅಲ್ಲಿ ಬಿಳಿ ಹೂಬಿಟ್ಟ ಹಾಥಾರ್ನ್ ಗಿಡದ ಕೆಳಗೆ ಗೊಂಬೆಗಳಿಗೆ ಮದುವೆ ಮಾಡಿ, “ನಂದೂ ಇಲ್ಲೇ” ಎಂದು ಹೇಳಿಟ್ಟಿದ್ದಳು. ಡೇರೆಯವನಿಗೆ ಹೇಳಿಯಾಗಿತ್ತು, ನೂರಹತ್ತು ಜನಕ್ಕೆ ಕರೆಯೋಲೆ ಹೋಗಿತ್ತು.

“ಮಿಸೆಸ್ ಟ್ರಿಕೆಟ್, ಮದುವೆ ಇದೆಯಲ್ಲ!”

“ನನಗೂ ಬೇಜಾರೇ, ಮಿಸ್ಟರ್ ಸ್ಟಿಕ್ಲೆಂಡ್. ಗಂಡು ಹಾವಾಗಿದ್ರೆ ಹೋಗ್ಲಿ ಬಿಡು ಅನ್ಬಹುದಿತ್ತು. ಗಂಡಸರು ಎಲ್ಲಾದ್ರೂ ಸುತ್ತಿ ಬರ್ತಾರೆ. ಹೆಣ್ಣು ಅಂದ್ರೆ ಮನೆ, ಮಠ, ಬಸುರು, ಬಾಣಂತನ! ಬಸುರಿ ಪಕ್ಕ ಡೇರೆ ಹೊಡೆದು ಬ್ಯಾಂಡ್ ಬಾರಿಸ್ತೀರಾ? ನಿಮ್ಮಂಥ ತಿಳಿದವರೇ?”

“ಬಸುರಿ ಅಂತ ಯಾರು ಹೇಳಿದ್ದು?”

“ಹೆಣ್ಣು ಅಂತ ಹೇಳಿದ್ದು ಯಾರು?” ಎಂದು ಅವರು ಎದ್ದು ಕೈಗವಸು ಹಾಕಿಕೊಂಡರು. “ಸಹಿ ಹಾಕಿದ ಸಾಕ್ಷಿಗಳೇ ಹನ್ನೊಂದು ಜನ ಇದ್ದೀವಿ. ನಾನೇ ಕಣ್ಣಾರೆ ನೋಡಿದ್ದೀನಿ. ಬೇಕಿದ್ರೆ ಮೇ ಮೊದಲ ಮಂಗಳವಾರ ಪಂಚಾಯಿತಿ ಸಭೆ ಇದೆ, ಬಂದು ಹೇಳ್ಕೊಳ್ಳಿ. ಕೇಕು ನಿಜವಾಗ್ಲೂ ಚೆನ್ನಾಗಿತ್ತು.”

ಬ್ರಯೊನಿಗೆ ಹೇಳಿದೆ. ಅವಳು ಒಂದು ಗಳಿಗೆ ಕಿಟಕಿಯ ಹೊರಗೆ ನೋಡಿ, “ಪರವಾಗಿಲ್ಲ ಅಪ್ಪ,” ಎಂದಳು. ನಮ್ಮ ಮನೆಯಲ್ಲಿ ಹೆಂಗಸರು ಕೂಗಾಡಿದರೆ ನಾನು ಹೆದರುವುದಿಲ್ಲ. ‘ಪರವಾಗಿಲ್ಲ’ ಎಂದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಉಳಿದಿದ್ದು ಊರಿನ ಹಾಲ್. ಅಲ್ಲಿ ವಾರಕ್ಕೆ ಮೂರು ದಿನ ಬ್ಯಾಡ್ಮಿಂಟನ್ ಆಡುತ್ತಾರೆ. ಜೀವಮಾನವೆಲ್ಲ ಪರರ ಕಾಲ ಬಳಿ ಕುಳಿತ ನನಗೇ ಆ ಹಾಲ್‌ನ ವಾಸನೆ ಸಹಿಸಲಾಗದು. ಎರಡು ದಿನ ಬಿಟ್ಟು ಹೋಗಿ ಇಣುಕಿದರೆ, ಮಗಳು ಅಳತೆಪಟ್ಟಿ ಹಿಡಿದು ಅಲ್ಲಿ ಓಡಾಡುತ್ತಾ, ಗೋಡೆಯ ತೇವದ ಕಲೆಗಳನ್ನು ಯಾವ ಬಟ್ಟೆಯಿಂದ ಮುಚ್ಚಬಹುದೆಂದು ನಗುನಗುತ್ತಾ ತಾಯಿಗೆ ಹೇಳುತ್ತಿದ್ದಳು. ಎರಡು ಅಕ್ಷರ ಹೆಚ್ಚಿಗೆ ಮಾತಾಡಿ ಮಗಳ ಮದುವೆಯನ್ನೇ ಹಾಳು ಮಾಡಿದ್ದೆ.

ನೇರ ಬೀಗರ ಮನೆಗೆ ಹೋದೆ. ನೇರವಾಗಿ ಕೇಳುವುದು ನಮ್ಮಲ್ಲಿ ರೂಢಿಯಲ್ಲವಾದ್ದರಿಂದ ಮೊದಲು ಹವೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆವು.

“ಆಂಬ್ರೋಸ್,” ಎಂದೆ ಕೊನೆಗೆ, “ಆವತ್ತಿನ ಹಾವು... ಈಗ ಎಲ್ಲಾದ್ರೂ ಹೋಗಿರಬಹುದೇನೋ?”

“ಹೋಗಿರಬಹುದು,” ಎಂದರು ಬೀಗರು ಆತುರದಿಂದ. “ನಿಮಗೆ ಹಾಗನ್ಸುತ್ತಾ?”

“ನನಗೆ ಹೇಗನ್ಸುತ್ತೆ ಅಂದ್ರೆ, ನಿಮಗೆ ಹೇಗನ್ಸುತ್ತೋ ಹಾಗೆ.”

ಬೀಗರು ಪೈಪನ್ನು ಮೂರು ಸಲ ತಟ್ಟಿದರು. ಅವರ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದಾಗುವಂತೆ ಇಡುತ್ತಿದ್ದರು. “ಡೆನಿಸ್, ಒಂದು ಮಾತು. ಅದು ಹೆಣ್ಣು ಅನ್ನೋದು ನಿಮಗೆ ಪೂರ್ತಿ ಖಾತ್ರಿನಾ?”

ಇದು ಪರೀಕ್ಷೆಯೆಂದು ನನಗೆ ಹೊಳೆಯಿತು. ಹೆಡ್‌ಮಾಸ್ತರರ ಕಣ್ಣು ನನ್ನನ್ನೇ ನೋಡುತ್ತಿತ್ತು. ಬೆನ್ನು ನೆಟ್ಟಗಾಯಿತು. “ಅದರಲ್ಲಿ ಸಂಶಯವೇ ಇಲ್ಲ,” ಎಂದೆ.

“ಹಾಗಾದ್ರೆ ಆಯ್ತು,” ಎಂದು ಬೀಗರು ಯಾಕೋ ಬಹಳ ಸಣ್ಣ ದನಿಯಲ್ಲಿ ಹೇಳಿದರು. ಅಡುಗೆಮನೆಯಲ್ಲಿ ಒಂದು ತಟ್ಟೆ ಒಡೆಯಿತು.

ಮರಳಿ ಬರುವಾಗ ನೋಟೀಸು ಹಲಗೆಯ ಮುಂದೆ ನಿಂತು ಮಿಸೆಸ್ ಟ್ರಿಕೆಟ್ ಅವರ ಕೈಬರಹಕ್ಕೆ ಮನಸ್ಸಿನಲ್ಲೇ ಬೈಯುತ್ತಿದ್ದೆ. ಅದರ ಪಕ್ಕದಲ್ಲಿ, ಬಿಸಿಲಿಗೆ ಬಣ್ಣ ಮಾಸಿದ ಇನ್ನೊಂದು ಚೀಟಿಯಿತ್ತು. ‘ಕಳೆದಿದೆ: ನಾಯಿಯ ಹಗ್ಗ. ಕಂದು ಚರ್ಮ, ಅಂಕುಡೊಂಕಾಗಿ ಹೆಣೆದದ್ದು. ಚರ್ಚ್ ಹಿಂದಿನ ದಿಬ್ಬದ ಹತ್ತಿರ, ಮಾರ್ಚ್ ಕೊನೆಯ ಶನಿವಾರ. ಸಿಕ್ಕಿದವರು ಮಿಸ್ ಕೂಂಬ್ ಅವರಿಗೆ ತಿಳಿಸಿ.’

ಮಾರ್ಚ್ ಕೊನೆಯ ಶನಿವಾರ. ಅಂದರೆ ನಮ್ಮ ನಡಿಗೆಯ ಹಿಂದಿನ ದಿನ. ನಾನು ಆ ಚೀಟಿಯನ್ನು ನಾಲ್ಕು ಸಲ ಓದಿದೆ. ಹಾಗೇ ತಿರುಗಿ ದಿಬ್ಬಕ್ಕೆ ನಡೆದು, ಪಂಚಾಯಿತಿಯವರು ಕಟ್ಟಿದ್ದ ಪಟ್ಟಿಯ ಕೆಳಗೆ ನುಸುಳಿ, ಮುಳ್ಳುಪೊದೆಯೊಳಗೆ ತಲೆ ತೂರಿಸಿದೆ. ಎರಡೇ ನಿಮಿಷ. ಮುಖವೆಲ್ಲ ಗೀರಾಯಿತು, ಕೈಗೆ ಸಿಕ್ಕಿತು. ಮೂರಡಿ ಉದ್ದ, ಹಿತ್ತಾಳೆಯ ಕೊಂಡಿ ಸಹಿತ. ಬೀಗರು ಇದನ್ನೇ ಕಂಡು ಹಾವೆಂದಿದ್ದರು. ಆ ದಿನ ನನ್ನ ಕಣ್ಣಿಗೆ ಇದೂ ಬಿದ್ದಿರಲಿಲ್ಲವೆಂಬುದು ನನ್ನ ಯೋಗ್ಯತೆ.

ಹಗ್ಗವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಐಲೀನ್‌ಗೆ ಎಲ್ಲವನ್ನೂ ಹೇಳಿದೆ.

“ಸಭೆಯಲ್ಲಿ ಇದನ್ನ ಎತ್ತಿ ತೋರಿಸ್ತೀನಿ. ಮುಗೀತು!”

“ತೋರಿಸು,” ಎಂದಳು ಅವಳು. “ನಲವತ್ತು ವರ್ಷ ಹಾವು ಹುಡುಕಿದ ಮನುಷ್ಯ ನಾಯಿ ಹಗ್ಗ ನೋಡಿ ಹಾವು ಅಂದ್ರು ಅಂತ ಊರ ಮುಂದೆ ಸಾರು. ನಾಲ್ಕು ದಿನ ಆದ್ಮೇಲೆ ಅವರ ಮನೆಗೇ ಮಗಳನ್ನ ಕಳಿಸು. ಪ್ರತೀ ಕ್ರಿಸ್‌ಮಸ್‌ಗೆ ಅವರ ಎದುರು ಕೂತು ಬಾತುಕೋಳಿ ತಿನ್ನು.”

“ಹಾಗಾದ್ರೆ ಮದುವೆ ಬ್ಯಾಡ್ಮಿಂಟನ್ ಹಾಲಲ್ಲಿ ಆಗ್ಲಾ?”

ಅವಳು ಹಗ್ಗವನ್ನು ಸುತ್ತಿ ನನ್ನ ಕೋಟಿನ ಜೇಬಿಗೆ ತುರುಕಿ, “ಯಾರ ಮಾನ ಕಳೆದ್ರೆ ಪರವಾಗಿಲ್ಲ ಅಂತ ನೀನೇ ಯೋಚನೆ ಮಾಡು,” ಎಂದಳು.

ಮಂಗಳವಾರ ಸಂಜೆ ಆರೂವರೆಗೆ ಸಭೆ. ನಡಿಗೆಗೆ ಬಂದವರೆಲ್ಲ ಇದ್ದರು. ಬೀಗರು ಮೊದಲ ಸಾಲಿನಲ್ಲಿ ಸುಣ್ಣದ ಗೋಡೆಯಂತೆ ಬಿಳುಚಿ ಕುಳಿತಿದ್ದರು. ಮಿಸ್ ಕೂಂಬ್ ನಾಯಿಯೊಂದಿಗೆ ನನ್ನ ಪಕ್ಕದಲ್ಲೇ. ಬ್ರಯೊನಿ ಹಿಂದಿನ ಬಾಗಿಲ ಬಳಿ ನಿಂತಿದ್ದಳು. ಚರಂಡಿ, ಬೀದಿದೀಪ, ಬಸ್ ನಿಲ್ದಾಣದ ಬೆಂಚು ಎಲ್ಲ ಮುಗಿದು ಐದನೇ ವಿಷಯ ಬಂತು. ನಾನು ಎದ್ದೆ.

“ನಾನು ಆವತ್ತು ಹಾವನ್ನ ನೋಡಿಲ್ಲ,” ಎಂದೆ. “ಏನನ್ನೂ ನೋಡಿಲ್ಲ. ಬೀಗರ ಎದುರಿಗೆ ದೊಡ್ಡ ಮನುಷ್ಯ ಅನ್ನಿಸ್ಕೋಬೇಕು ಅಂತ ಬಾಯಿಗೆ ಬಂದಿದ್ದು ಹೇಳಿದೆ. ಹೆಣ್ಣೋ ಗಂಡೋ ನನಗೆ ಗೊತ್ತಿಲ್ಲ. ಹಾವಿಗೆ ತಲೆ ಯಾವುದು ಬಾಲ ಯಾವುದು ಅನ್ನೋದೇ ನನಗೆ ಸರಿಯಾಗಿ ಗೊತ್ತಿಲ್ಲ. ತಪ್ಪು ನಂದೊಬ್ಬನದೇ. ಅದಕ್ಕೆ ನನ್ನ ಮಗಳಿಗೆ ಶಿಕ್ಷೆ ಕೊಡಬೇಡಿ.”

ನಾನು ಜೇಬಿನ ವಿಷಯ ಎತ್ತಲಿಲ್ಲ, ಎತ್ತುವ ಉದ್ದೇಶವೂ ಇರಲಿಲ್ಲ. ಆದರೆ ಮಾರ್ಮಲೇಡ್ ಮಹಾಶಯನ ಉದ್ದೇಶ ಬೇರೆಯಿತ್ತು. ಅವನು ಆಗಿನಿಂದ ನನ್ನ ಕೋಟನ್ನು ಮೂಸುತ್ತಿದ್ದವನು ಈಗ ಮುಂಗಾಲೆತ್ತಿ ಜೇಬಿಗೆ ಬಾಯಿ ಹಾಕಿ ಎಳೆದ. ಕಂದು ಬಣ್ಣದ, ಅಂಕುಡೊಂಕು ಹೆಣಿಗೆಯ ಮೂರಡಿ ಉದ್ದದ ವಸ್ತು ಸರಸರನೆ ಹೊರಬಂದು ನೆಲದ ಮೇಲೆ ಬಿತ್ತು.

“ಹೆಣ್ಣು!” ಎಂದು ಕಿರಿಚಿ ಮಿಸೆಸ್ ಟ್ರಿಕೆಟ್ ಕುರ್ಚಿಯ ಮೇಲೆ ಹತ್ತಿದರು.

“ನಮ್ಮ ಹಗ್ಗ!” ಎಂದು ಮಿಸ್ ಕೂಂಬ್ ಚೀರಿದರು. “ಮಿಸ್ಟರ್ ಸ್ಟಿಕ್ಲೆಂಡ್, ಆರು ವಾರದಿಂದ ನಿಮ್ಮ ಜೇಬಲ್ಲಿತ್ತಾ? ನಿಮ್ಮನ್ನ ಎಷ್ಟು ಒಳ್ಳೆಯವರು ಅಂದ್ಕೊಂಡಿದ್ದೆ!”

“ಕದ್ದಿಲ್ಲ ಮಿಸ್ ಕೂಂಬ್, ಪೊದೆಯಲ್ಲಿ ಸಿಕ್ತು...”

“ಯಾವ ಪೊದೆಯಲ್ಲಿ?” ಎಂದರು ಮಿಸೆಸ್ ಟ್ರಿಕೆಟ್ ಕುರ್ಚಿಯ ಮೇಲಿನಿಂದಲೇ.

ನಾನು ಬಾಯಿ ಮುಚ್ಚಿಕೊಂಡೆ. ಕುರ್ಚಿ ಸರಿದ ಸದ್ದಾಯಿತು. ಬೀಗರು ಎದ್ದು ನಿಂತಿದ್ದರು.

“ಅದೇ ಪೊದೆಯಲ್ಲಿ,” ಎಂದರು. “ಡೆನಿಸ್ ಹೇಳಲ್ಲ, ನಾನೇ ಹೇಳ್ತೀನಿ. ಆವತ್ತು ನಾನು ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದೆ. ಅದು ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಹನ್ನೆರಡು ಜನ ನನ್ನ ನಂಬಿ ಚಳೀಲಿ ಬಂದಿದ್ದೀರಿ, ಅರ್ಧ ಗಂಟೆಯಾದ್ರೂ ಒಂದು ಕಪ್ಪೆ ಕೂಡ ಸಿಕ್ಕಿಲ್ಲ. ಏನೋ ಕಂದು ಬಣ್ಣದ್ದು ಮಸುಕಾಗಿ ಕಾಣಿಸ್ತು. ಹಾವು ಅಂದ್ಬಿಟ್ಟೆ. ಯಾರಾದ್ರೂ ‘ಅಲ್ಲ ಸಾರ್’ ಅಂತಾರೆ ಅಂದ್ಕೊಂಡ್ರೆ ಎಲ್ಲರೂ ಚೆನ್ನಾಗಿದೆ ಅಂದ್ರಿ. ಆಗಲೂ ನನಗೆ ಅನುಮಾನ ಇತ್ತು. ಡೆನಿಸ್ ಹೆಣ್ಣು ಅಂದ್ರು ನೋಡಿ, ಆಗ ನಂಬಿದೆ. ಅಷ್ಟು ಕರಾರುವಾಕ್ಕಾಗಿ ಹೇಳೋ ಮನುಷ್ಯ ನೋಡದೇ ಹೇಳ್ತಾನಾ ಅಂತ!”

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಹೋಂವರ್ಕ್ ಬರೆಯದ ಇಬ್ಬರು ಹುಡುಗರು ಒಂದೇ ಬೆಂಚಿನಲ್ಲಿ ಸಿಕ್ಕಿಬಿದ್ದ ಹಾಗಿತ್ತು.

ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಒಬ್ಬರು ಬೇರೆ ಪೊದೆ ನೋಡುತ್ತಿದ್ದರಂತೆ. ಇನ್ನೊಬ್ಬರು ಕಣ್ಣಿಗೆ ಬಿಸಿಲು ಬಿದ್ದು ಕಣ್ಣೇ ಮುಚ್ಚಿದ್ದರಂತೆ. ಹನ್ನೊಂದು ಸಾಕ್ಷಿಗಳಲ್ಲಿ ಹಾವು ಕಂಡವರು ಒಬ್ಬರೂ ಇರಲಿಲ್ಲ. ಕೊನೆಗೆ ಉಳಿದವರು ಮಿಸೆಸ್ ಟ್ರಿಕೆಟ್.

“ನಾನು ಚೆನ್ನಾಗಿದೆ ಅಂದಿದ್ದು ನಿಜ,” ಎಂದು ಅವರು ಗಾಂಭೀರ್ಯದಿಂದ ಕುರ್ಚಿಯಿಂದಿಳಿದರು. “ಹಾವು ಚೆನ್ನಾಗಿದೆ ಅಂತ ಎಲ್ಲಿ ಅಂದೆ? ಬೆಳಗು ಚೆನ್ನಾಗಿತ್ತು, ಹಾಗಂದೆ. ಬರೆದುಕೊಳ್ಳಿ: ಬಯಲು ತೆರೆಯಲಾಗಿದೆ.”

ಬ್ರಯೊನಿ ಹಿಂದಿನಿಂದ ಓಡಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. “ಅಪ್ಪ, ನಿಜವಾಗ್ಲೂ ಪರವಾಗಿರ್ಲಿಲ್ಲ,” ಎಂದು ಅತ್ತಳು. ಸುಳ್ಳು. ನನಗೂ ಕಣ್ಣು ಒದ್ದೆಯಾಯಿತು. ಮಿಸ್ ಕೂಂಬ್ ಮಾತ್ರ ನನ್ನೊಡನೆ ಮಾತಾಡಲಿಲ್ಲ. ಇಂದಿಗೂ ಅವರ ಪಾಲಿಗೆ ನಾನು ಹಾವಿಗೆ ಜೀವ ಕೊಡುವ ಹಗ್ಗಗಳ್ಳ.

ಎರಡನೇ ಶನಿವಾರ ಹಾಥಾರ್ನ್ ಮೈತುಂಬ ಹೂಬಿಟ್ಟು ನಿಂತಿತ್ತು. ಡೇರೆ ಎದ್ದಿತು, ಬ್ಯಾಂಡ್ ಬಂತು, ಮಳೆ ಬರಲಿಲ್ಲ. ಊಟಕ್ಕೆ ಮುಂಚೆ ಫೋಟೋದವನು ನಮ್ಮನ್ನೆಲ್ಲ ದಿಬ್ಬಕ್ಕೆ ಬೆನ್ನು ಮಾಡಿ ನಿಲ್ಲಿಸಿದ. ಒಂದು ಫೋಟೋ ಆಯಿತು. ಇನ್ನೊಂದು ತೆಗೆಯಲು ಅವನು ಕ್ಯಾಮೆರಾ ತಿರುವುತ್ತಿದ್ದಾಗ ಬೀಗರು ಟೋಪಿ ಸರಿಪಡಿಸಿಕೊಳ್ಳಲು ಹಿಂದೆ ತಿರುಗಿದರು. ತಿರುಗಿದವರು ಹಾಗೇ ಉಳಿದರು. ನಾನೂ ತಿರುಗಿದೆ.

ನಮ್ಮಿಂದ ಇಪ್ಪತ್ತು ಹೆಜ್ಜೆ ಮೇಲೆ, ಅದೇ ಹಳದಿ ಹೂವಿನ ಪೊದೆಯ ಪಕ್ಕದಲ್ಲಿ, ಆಗ ತಾನೇ ಪೊರೆ ಬಿಟ್ಟು ಬೆಳ್ಳಿಯಂತೆ ಹೊಳೆಯುವ ಮೈ, ಅದರ ಮೇಲೆ ಇದ್ದಿಲಿನಲ್ಲಿ ಗೀಚಿದಂಥ ಅಂಕುಡೊಂಕು ಪಟ್ಟೆ. ಸುರುಳಿ ಸುತ್ತಿ ಹಾಯಾಗಿ ಬಿಸಿಲು ಕಾಯಿಸುತ್ತಿತ್ತು. ಈ ಸಲ ನನಗೆ ಅದರ ಕೆಂಪು ಕಣ್ಣು ಕೂಡ ಕಂಡಿತು.

ಬೀಗರ ಮೂಗಿನ ಮೇಲೆ ಕನ್ನಡಕ ಇತ್ತು.

“ಡೆನಿಸ್,” ಎಂದರು ತುಟಿ ಅಲುಗಿಸದೆ, “ನಿಮಗೆ ಅಲ್ಲೇನಾದ್ರೂ ಕಾಣ್ತಿದೆಯಾ?”

“ಏನೂ ಇಲ್ಲ, ಆಂಬ್ರೋಸ್.”

“ನನಗೂ ಏನೂ ಇಲ್ಲ.”

ಅಷ್ಟರಲ್ಲಿ ಮಿಸೆಸ್ ಟ್ರಿಕೆಟ್ ಷಾಂಪೇನ್ ಲೋಟ ಹಿಡಿದು ನಮ್ಮ ಪಕ್ಕಕ್ಕೆ ಬಂದು ನಾವು ನೋಡುತ್ತಿದ್ದ ಕಡೆಗೇ ನೋಡಿದರು. ಅವರ ಮುಖದ ಬಣ್ಣ ಇಳಿಯಿತು. ಅವರು ನಮ್ಮಿಬ್ಬರನ್ನು ನೋಡಿದರು, ಡೇರೆಯನ್ನು ನೋಡಿದರು, ನಗುತ್ತಾ ನಿಂತಿದ್ದ ಬ್ರಯೊನಿಯನ್ನು ನೋಡಿದರು. ಲೋಟವನ್ನು ಒಂದೇ ಗುಟುಕಿಗೆ ಬರಿದು ಮಾಡಿದರು.

“ಹವೆ ಎಷ್ಟು ಚೆನ್ನಾಗಿದೆ!” ಎಂದರು.

“ತುಂಬ ಚೆನ್ನಾಗಿದೆ,” ಎಂದೆವು ನಾವಿಬ್ಬರೂ. ಮೂವರೂ ಹೆಗಲಿಗೆ ಹೆಗಲು ತಾಗಿಸಿ ನಿಂತು, ಊಟಕ್ಕೆ ಕರೆಯುವವರೆಗೆ ಯಾರನ್ನೂ ಆ ಕಡೆ ಬಿಡಲಿಲ್ಲ.

ಒಂದು ತಿಂಗಳ ಮೇಲೆ ಬ್ರಯೊನಿ ಆ ಫೋಟೋಕ್ಕೆ ಕಟ್ಟು ಹಾಕಿಸಿ ತಂದಳು. ಈಗ ಅದು ನಮ್ಮ ಅಗ್ಗಿಷ್ಟಿಕೆಯ ಮೇಲಿದೆ. ಅದನ್ನು ತೂಗುಹಾಕಿದ ದಿನ ಬೀಗರೂ ಟೀಗೆ ಬಂದಿದ್ದರು. ಮಗಳು ಗಾಜಿಗೆ ಮೂಗು ಹಚ್ಚಿ ಎಡಮೂಲೆಯನ್ನು ದಿಟ್ಟಿಸುತ್ತಾ, “ಅಪ್ಪ, ನಮ್ಮ ಹಿಂದೆ ಪೊದೆ ಪಕ್ಕದಲ್ಲಿ ಇದೇನಿದು?” ಎಂದಳು.

“ನಾಯಿ ಹಗ್ಗ ಕಣಮ್ಮ,” ಎಂದೆ.

ಬೀಗರು ಟೀ ಕೆಳಗಿಟ್ಟು, ಎದ್ದು ಬಂದು, ಕನ್ನಡಕ ಒರೆಸಿ ಹಾಕಿಕೊಂಡು, ಫೋಟೋವನ್ನು ಬಹಳ ಹೊತ್ತು ನೋಡಿದರು. ಗದ್ದ ಸವರಿದರು.

“ಗಂಡು ನಾಯೀದು ಅನ್ಸುತ್ತೆ,” ಎಂದರು.